ಹುರುಳಿ ಸಾರಿನ ಇಪ್ಪತ್ತಮೂರು ದಿನ

ನಮ್ಮ ಊರಿನಲ್ಲಿ ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಟವರಿನಿಂದ ಪಟ್ಟಿ ಹೊರಡುತ್ತದೆ. ಎಲ್ಲರ ಮೊಬೈಲೂ ಒಟ್ಟಿಗೆ ಟಿಣ್ ಎನ್ನುತ್ತವೆ. ಹಾಲು ಕಾಯಿಸುತ್ತಿದ್ದವರು ಒಂದು ಕೈಯಲ್ಲಿ ಇಕ್ಕಳ ಹಿಡಿದುಕೊಂಡೇ ಓದುತ್ತಾರೆ. ಊರು ಸರಿಯುತ್ತಿರುತ್ತದೆ, ಈ ವಾರ ಮಾರ್ಕೆಟ್ಟಿನಲ್ಲಿದ್ದ ಬಾವಿ ಮುಂದಿನ ವಾರ ಶಾಲೆಯ ಹಿಂದೆ ಇರಬಹುದು. ಮೊಬೈಲಿನಲ್ಲಿ ಊರಿನ ಒಂದು ಪ್ರತಿ ಇರುತ್ತದೆ. ಅವರವರ ಪ್ರತಿಯಲ್ಲಿ ಇದ್ದದ್ದು ಅವರವರಿಗೆ ಇರುತ್ತದೆ, ಅಷ್ಟೆ. ಯಾವುದು ಹಳತಾಯಿತು ಎನ್ನುವುದನ್ನು ಮಾತ್ರ ಪಟ್ಟಿ ಹೇಳುತ್ತದೆ. 'ಮಾರ್ಕೆಟ್ಟಿನ ಬಾವಿ' ಎಂದು ಬಂದರೆ ಎಲ್ಲರ ಪ್ರತಿಯಿಂದಲೂ ಬಾವಿ ಹೋಯಿತು ಎಂದರ್ಥ. ಅದು ಈಗ ಎಲ್ಲಿದೆ ಎಂದು ತಿಳಿಯಬೇಕಾದರೆ ಕಚೇರಿಯ ಕೌಂಟರಿಗೆ ಬಂದು ಕೇಳಬೇಕು. ಅಲ್ಲಿ ಜಾಫರ್ ಸಾಹೇಬರು ಮೂಲ ಪುಸ್ತಕ ತೆರೆದು ಓದಿ ಹೇಳುತ್ತಾರೆ.

ಪಟ್ಟಿ ಬೇಡವಾದವರೂ ಇದ್ದಾರೆ. ಆರು ಗಂಟೆಗೆ ಮೊದಲೇ ಮೊಬೈಲನ್ನು ಸ್ಟೀಲ್ ಡಬ್ಬದಲ್ಲಿ ಹಾಕಿ ಮುಚ್ಚಳ ಬಿಗಿದರೆ ಟವರಿನ ಅಲೆ ಒಳಗೆ ಹೋಗುವುದಿಲ್ಲ. ನಮ್ಮ ಬೀದಿಯ ಹೆಡ್ಮೇಷ್ಟ್ರು ನಿವೃತ್ತಿಯ ದಿನ ಹಾಗೆ ಮಾಡಿದರು. ಅವರ ಪ್ರತಿಯಲ್ಲಿ ಅವರು ಇನ್ನೂ ಹೆಡ್ಮೇಷ್ಟ್ರಾಗಿಯೇ ಉಳಿದದ್ದರಿಂದ ಮೂರು ದಿನ ಶಾಲೆಗೆ ಹೋಗಿ ಗಂಟೆ ಹೊಡೆದು ಬಂದರು. ಆದರೆ ಏಳು ಪಟ್ಟಿ ತಪ್ಪಿಸಿಕೊಂಡವರ ಪ್ರತಿಯನ್ನು ಯಾರೂ ನಂಬುವುದಿಲ್ಲ. ಅದನ್ನು ಪೂರ್ತಿ ಖಾಲಿ ಮಾಡಿ, ಕೌಂಟರಿನಲ್ಲಿ ಸಾಲು ನಿಂತು, ಊರನ್ನು ಒಂದೊಂದಾಗಿ ಕೇಳಿ ತುಂಬಿಸಿಕೊಳ್ಳಬೇಕು. ಹೆಡ್ಮೇಷ್ಟ್ರು ತಮ್ಮ ಹೆಂಡತಿಯಿಂದ ಶುರುಮಾಡಿ ಕಚೇರಿ ಮುಚ್ಚುವವರೆಗೂ ಕೇಳಿದರು.

ಆ ಪಟ್ಟಿಯನ್ನು ಬರೆಯುವವಳು ನಾನು. ಬಿ.ಎ. ಮುಗಿಸಿ ಈ ಕೆಲಸಕ್ಕೆ ಸೇರಿ ಹದಿನೇಳು ವರ್ಷವಾಯಿತು. ಏನಾದರೂ ಸರಿದರೆ ಜನ ಚೀಟಿ ಬರೆದು ಕಚೇರಿಯ ಡಬ್ಬಿಗೆ ಹಾಕುತ್ತಾರೆ. ನಾನು ಅದನ್ನು ಪಟ್ಟಿಗೆ ಸೇರಿಸುತ್ತೇನೆ, ಚೀಟಿ ಮೂಲ ಪುಸ್ತಕಕ್ಕೆ ಏರುತ್ತದೆ. ಒಂದು ಬಿಟ್ಟುಹೋದರೆ ಯಾರೋ ಇಲ್ಲದ ಸೇತುವೆಯ ಮೇಲೆ ನಡೆದುಹೋಗುತ್ತಾರೆ ಎನ್ನುವ ಭಯ ನನಗೆ ಯಾವಾಗಲೂ ಇತ್ತು. ಸರಿಯಾಗಿ ಹೇಳಬೇಕೆಂದರೆ, ಅವರ ಪ್ರತಿಯಲ್ಲಿ ಸೇತುವೆ ಇರುವುದರಿಂದ ಅವರೇನೂ ಬೀಳುವುದಿಲ್ಲ. ಆದರೆ ನೋಡುತ್ತಿರುವವರಿಗೆ ತೊಂದರೆ. ಹಾಗಾಗಿ ಅನುಮಾನ ಬಂದದ್ದನ್ನೆಲ್ಲ ನಾನು ಪಟ್ಟಿಗೆ ಸೇರಿಸುತ್ತಿದ್ದೆ. ಹೆಚ್ಚಾಗಿ ಅಳಿಸಿದರೆ ಜನರಿಗೆ ಒಂದು ಸಲ ಕೌಂಟರಿಗೆ ಬರುವ ಶ್ರಮ, ಅಷ್ಟೇ ತಾನೆ?

ಗಡಿಯಾರದ ಕಂಬವನ್ನು ಒಂದೇ ತಿಂಗಳಲ್ಲಿ ಮೂರು ಸಲ ಪಟ್ಟಿಗೆ ಹಾಕಿದೆ. ಅದು ಸರಿದಿರಲಿಲ್ಲ. ನನಗೆ ಸ್ವಲ್ಪ ಎಡಕ್ಕೆ ಬಂದ ಹಾಗೆ ಕಂಡಿತ್ತು. ಮೂರು ಸಲವೂ ಇಡೀ ಊರು ಬೆಳಿಗ್ಗೆ ಗಂಟೆ ಎಷ್ಟೆಂದು ತಿಳಿಯದೆ ಕೌಂಟರಿನ ಮುಂದೆ ನಿಂತಿತು. ನಮ್ಮ ಮುಖ್ಯಸ್ಥರಾದ ತ್ರಿಯಂಬಕರಾಯರು ನನ್ನನ್ನು ಒಳಗೆ ಕರೆದರು.

"ನಳಿನಾಕ್ಷಿಯವರೇ, ಕಂಬ ಎಲ್ಲಿದೆ?"

"ಇದ್ದಲ್ಲೇ ಇದೆ ಸರ್."

"ಜಾಫರ್ ಸಾಹೇಬರ ಗಂಟಲು ಎಲ್ಲಿದೆ? ಮೂರು ದಿನದಿಂದ ಮಾತೇ ಬರ್ತಿಲ್ಲ ಅವರಿಗೆ. ಇನ್ಮೇಲೆ ಪ್ರತಿ ಚೀಟಿಗೂ ನೀವೇ ಹೋಗಿ, ಕಣ್ಣಾರೆ ನೋಡಿ, ಆಮೇಲೆ ಬರೀರಿ. ನೋಡದೆ ಒಂದಕ್ಷರ ಬರೆಯೋ ಹಾಗಿಲ್ಲ."

ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ಅಂದಿನಿಂದ ಛತ್ರಿ ಹಿಡಿದುಕೊಂಡು ಪ್ರತಿ ಚೀಟಿಗೂ ಹೋಗಿ ನೋಡಿ ಬರತೊಡಗಿದೆ. ಒಂದು ಮಂಗಳವಾರ ಈ ಚೀಟಿ ಬಂತು: 'ಮಂಗಳಾ ಮೆಸ್, ಬಸ್ ನಿಲ್ದಾಣದ ಮೂಲೆ. ಈಗ ಸುಣ್ಣದ ಭಟ್ಟಿಯ ಹಿಂದೆ.' ಕೆಳಗೆ ಹೆಸರಿರಲಿಲ್ಲ, ಅಕ್ಷರವೂ ಪರಿಚಯದ್ದಲ್ಲ. ಮಂಗಳಾ ಮೆಸ್ ನಮ್ಮಕ್ಕ ಸರ್ವಮಂಗಳೆಯದು. ನಾನು ಮಧ್ಯಾಹ್ನ ಊಟ ಮಾಡುವುದು ಅಲ್ಲೇ. ಸುಣ್ಣದ ಭಟ್ಟಿ ಊರಿನ ಕಡೆಯ ಅಂಚಿನಲ್ಲಿದೆ. ಅಲ್ಲಿಗೆ ಯಾರು ಊಟಕ್ಕೆ ಹೋಗುತ್ತಾರೆ? ಛತ್ರಿಯನ್ನೂ ತೆಗೆದುಕೊಳ್ಳದೆ ಬಸ್ ನಿಲ್ದಾಣಕ್ಕೆ ಓಡಿದೆ. ಮೆಸ್ಸು ಮೂಲೆಯಲ್ಲೇ ಇತ್ತು. ನೀಲಿ ಬಾಗಿಲು, ಒಳಗೆ ಎಂಟು ಮಣೆ, ಒಲೆಯ ಮುಂದೆ ಅಕ್ಕ.

"ಬಾರೇ ನಳಿ, ಹುರುಳಿಕಾಳಿನ ಬಸ್ಸಾರು ಮಾಡಿದೀನಿ. ಒಣಗಿ ಕಡ್ಡಿ ಆಗಿದೀಯ, ಇನ್ನೊಂದು ಮುದ್ದೆ ಹಾಕ್ಲಾ?" ಎಂದಳು.

ಹೋದ ಜೀವ ಬಂದಂತಾಯಿತು. ಎರಡು ಮುದ್ದೆ ತಿಂದೆ. ಕಚೇರಿಗೆ ಬಂದು ಆ ಚೀಟಿಯ ಮೇಲೆ 'ಸುಳ್ಳು. ಖುದ್ದಾಗಿ ಪರಿಶೀಲಿಸಿದೆ' ಎಂದು ದುಂಡಗೆ ಬರೆದು, ಸಹಿ ಹಾಕಿ, ಕಪಾಟಿನಲ್ಲಿಟ್ಟೆ. ಹದಿನೇಳು ವರ್ಷದಲ್ಲಿ ಒಂದು ಚೀಟಿಯನ್ನು ಸುಳ್ಳೆಂದು ಬರೆದದ್ದು ಅದೇ ಮೊದಲು. ಸ್ವಲ್ಪ ಹೆಮ್ಮೆಯೂ ಆಯಿತು.

ಮಾರನೆಯ ದಿನವೂ ಹುರುಳಿ ಸಾರು. ಅದರ ಮಾರನೆಯ ದಿನವೂ ಅದೇ. ಒಂದು ಮೂಟೆ ಹುರುಳಿ ಅಗ್ಗಕ್ಕೆ ಸಿಕ್ಕಿರಬೇಕು ಎಂದುಕೊಂಡೆ. ಅಕ್ಕನ ಸೆರಗಿನಲ್ಲಿ ಹೆಬ್ಬೆಟ್ಟಿನಷ್ಟು ಅರಿಶಿನದ ಕಲೆಯಿತ್ತು. ಅದು ದಿನವೂ ಅದೇ ಜಾಗದಲ್ಲಿತ್ತು. ದಿನವೂ ಅಕ್ಕ ನಾನು ಒಣಗಿ ಕಡ್ಡಿಯಾಗಿರುವುದನ್ನು ಹೇಳಿ ಇನ್ನೊಂದು ಮುದ್ದೆ ಹಾಕಲೇ ಎಂದು ಕೇಳುತ್ತಿದ್ದಳು. ನಾನು ಗಮನವಿಟ್ಟು ನೋಡುವವಳು. ಎಲ್ಲವನ್ನೂ ಗಮನಿಸಿದೆ. ಆದರೆ ಪ್ರೀತಿಯಿಂದ ಹೇಳಿದ ಮಾತನ್ನು ಇಪ್ಪತ್ತು ಸಲ ಹೇಳಿದರೆ ಯಾರು ಅನುಮಾನ ಪಡುತ್ತಾರೆ? ಅಕ್ಕ ಮೊದಲಿನಿಂದಲೂ ಸಿಡುಕಿ. ಈಗ ಮೆತ್ತಗಾಗಿದ್ದಾಳೆ, ವಯಸ್ಸಾಯಿತು ಎಂದು ಸಮಾಧಾನಪಟ್ಟೆ.

ಪಕ್ಕದ ಮಣೆಯಲ್ಲಿ ಗಡಿಯಾರ ರಿಪೇರಿಯ ಬಸಲಿಂಗಪ್ಪ ಕೂರುತ್ತಿದ್ದರು. ಒಂದು ದಿನ ಅವರು ನನ್ನ ಕಡೆ ಬಾಗಿ, "ಮೇಡಮ್, ನಿಮ್ಮಕ್ಕನಿಗೆ ಒಂದು ಮಾತು ಹೇಳಿ. ಇಪ್ಪತ್ತು ದಿನದಿಂದ ಹುರುಳಿ. ಇನ್ನು ನನ್ನ ಕಾಲಿಗೆ ಲಾಳ ಹೊಡಿಸೋದೊಂದು ಬಾಕಿ," ಎಂದರು.

"ನೀವೇ ಹೇಳಿ."

"ಹೇಳಿದೆ. ಒಣಗಿ ಕಡ್ಡಿ ಆಗಿದೀಯ ಅಂತ ನನಗೂ ಅಂತಾರೆ. ಮೇಡಮ್, ನಾನು ತೊಂಬತ್ತಾರು ಕೇಜಿ."

ಇದನ್ನು ಕೇಳಿಯೂ ನಾನು ನಕ್ಕು ಮಜ್ಜಿಗೆ ಕುಡಿದು ಎದ್ದೆ.

ಇಪ್ಪತ್ತಮೂರನೆಯ ದಿನ, ಊಟ ಮುಗಿಸಿ ಬಂದು ಕೂತಿದ್ದೇನೆ, ಕಚೇರಿಯ ಬಾಗಿಲಲ್ಲಿ ಅಕ್ಕ ನಿಂತಿದ್ದಾಳೆ. ಸೆರಗಿನಲ್ಲಿ ಅರಿಶಿನದ ಕಲೆ ಇಲ್ಲ. ತಲೆಕೂದಲ ಮೇಲೆ, ರೆಪ್ಪೆಯ ಮೇಲೆ, ಬಿಳಿ ಸುಣ್ಣದ ಪುಡಿ. ಕಣ್ಣು ಕೆಂಪಾಗಿದ್ದವು.

"ಎಷ್ಟು ದಿನ ಆಯ್ತೇ ನೀನು ನನ್ನ ಮುಖ ನೋಡಿ?" ಎಂದಳು.

"ಈಗ ತಾನೇ ಊಟ ಮಾಡ್ಕೊಂಡು ಬಂದ್ನಲ್ಲೇ ಅಕ್ಕ."

"ಎಲ್ಲಿ?"

"ನಿನ್ನ ಹತ್ರ."

"ಯಾರು ಬಡಿಸಿದ್ದು?"

ನಾನು ಅವಳ ಸೆರಗಿನಲ್ಲಿ ಅರಿಶಿನದ ಕಲೆಯನ್ನು ಹುಡುಕಿದೆ. ಅಕ್ಕ ನನ್ನ ಮೇಜಿನ ಎದುರಿನ ಕುರ್ಚಿಯಲ್ಲಿ ಕುಸಿದು ಕೂತಳು.

"ಅವತ್ತು ಬೆಳಿಗ್ಗೆ ಬಾಗಿಲು ತೆಗೀತೀನಿ, ಎದುರಿಗೆ ಸುಣ್ಣದ ಭಟ್ಟಿ. ಮುದ್ದೆ ತೊಳಸ್ತಿದ್ದೆ, ಕೈ ಹಿಟ್ಟಾಗಿತ್ತು, ಅದಕ್ಕೆ ಭಟ್ಟಿ ಗುಮಾಸ್ತನ ಕೈಲಿ ಚೀಟಿ ಬರೆಸಿ ಕಳಿಸ್ದೆ. ಪಟ್ಟಿಯಲ್ಲಿ ಬಂತೋ ಇಲ್ವೋ ನೋಡೋಕೂ ಹೋಗ್ಲಿಲ್ಲ. ಬರೆಯೋಳು ನೀನಲ್ವಾ, ತಪ್ಪೋದಿಲ್ಲ ಅಂದ್ಕೊಂಡೆ. ಒಬ್ಬರೂ ಬರ್ಲಿಲ್ಲ ಕಣೇ. ನೀನೂ ಬರ್ಲಿಲ್ಲ. ಒಂದು ನರಪಿಳ್ಳೆ ಇಲ್ಲ, ಎಲೆ ಹಾಕಿಲ್ಲ, ಆದರೂ ಮಧ್ಯಾಹ್ನ ಎರಡು ಗಂಟೆ ಆಗೋದ್ರೊಳಗೆ ಪಾತ್ರೆ ಖಾಲಿ! ಅವರೆಕಾಳು ಮಾಡಿದೆ, ಖಾಲಿ. ಹಾಗಲಕಾಯಿ ಗೊಜ್ಜು ಮಾಡಿದೆ, ಅದೂ ಖಾಲಿ. ಇಲಿ ಇರಬೇಕು ಅಂತ ಬೋನು ಇಟ್ಟೆ. ಬೋನಿನೊಳಗಿನ ಮುದ್ದೇನೂ ಖಾಲಿ."

"ನಮಗೆ ದಿನಾ ಹುರುಳಿ ಬಸ್ಸಾರು ಬಂತು," ಎಂದೆ. ಆಗ ಹೇಳಬೇಕಾದ ಮಾತು ಅದಲ್ಲ ಎಂದು ನನಗೆ ಗೊತ್ತಿತ್ತು.

"ಹುರುಳಿ ಮಾಡಿ ಇಪ್ಪತ್ತಮೂರು ದಿನ ಆಯ್ತು ನಾನು!"

ಅವಳ ಕೈ ಹಿಡಿದು ಬಸ್ ನಿಲ್ದಾಣದ ಮೂಲೆಗೆ ಕರೆದುಕೊಂಡು ಹೋದೆ. ನನಗೆ ನೀಲಿ ಬಾಗಿಲು ಕಾಣುತ್ತಿತ್ತು. ಅಕ್ಕನಿಗೆ ಖಾಲಿ ಸೈಟು, ಅದರಲ್ಲಿ ಒಂದು ಹಸು. ತಡವಾಗಿ ಬಂದ ಬಸಲಿಂಗಪ್ಪ ಇನ್ನೂ ಊಟ ಮಾಡುತ್ತಿದ್ದರು.

"ಇವರು ಯಾಕೆ ಹಸೂನ ಪಕ್ಕ ಕುಕ್ಕರುಗಾಲಲ್ಲಿ ಕೂತು ಗಾಳಿ ನುಂಗ್ತಿದಾರೆ?" ಎಂದಳು ಅಕ್ಕ.

ಒಳಗಿನ ಅಕ್ಕ ನನ್ನನ್ನು ನೋಡಿದಳು. "ಬಾರೇ ನಳಿ, ಹುರುಳಿಕಾಳಿನ ಬಸ್ಸಾರು ಮಾಡಿದೀನಿ," ಎಂದಳು. ನಾನು ಅಭ್ಯಾಸದಿಂದ ನಕ್ಕೆ. ಪಕ್ಕದಲ್ಲಿದ್ದ ಅಕ್ಕ ನನ್ನ ನಗುವನ್ನೇ ನೋಡುತ್ತಿದ್ದಳು.

"ಏನಂತಾಳೆ?"

"ಊಟಕ್ಕೆ ಕರೀತಾಳೆ."

"ಬೈಯಲ್ವಾ?"

"ಬೈಯಲ್ಲ."

"ಅದಕ್ಕೇ ನಿನಗೆ ಗೊತ್ತಾಗ್ಲಿಲ್ಲ," ಎಂದು ಅಕ್ಕ ತಿರುಗಿ ನಡೆದಳು. ನಾನು ಹಿಂದೆಯೇ ಓಡಿದೆ. ಕಚೇರಿಯ ಮೆಟ್ಟಿಲ ಹತ್ತಿರ ನಿಂತು ಅವಳು ಹೇಳಿದಳು: "ನಾಳೆ ಮಧ್ಯಾಹ್ನ ಒಬ್ಬರಾದ್ರೂ ನನ್ನ ಕಣ್ಣಿಗೆ ಕಾಣೋ ಹಾಗೆ ಬಂದು ಕೂತು ಉಣ್ಣದಿದ್ರೆ ಒಲೆ ಆರಿಸಿಬಿಡ್ತೀನಿ ನಳಿ. ಮುಖ ಇಲ್ಲದೋರಿಗೆ ಎಷ್ಟು ದಿನ ಬೇಯಿಸ್ಲಿ? ಉಪ್ಪು ಜಾಸ್ತಿ ಅನ್ನೋಕೂ ಒಂದು ಪ್ರಾಣಿ ಇಲ್ಲ."

ಆ ಸಂಜೆಯ ಪಟ್ಟಿ ಆಗಲೇ ಟವರಿಗೆ ಕಳಿಸಿಯಾಗಿತ್ತು, ಮೆಸ್ಸನ್ನು ಮರುದಿನದ ಪಟ್ಟಿಗೆ ಹಾಕಬೇಕಿತ್ತು. ಅದರಲ್ಲಿ ಕಷ್ಟವೇನಿಲ್ಲ. ಕಷ್ಟ ಇದ್ದದ್ದು ಕಪಾಟಿನಲ್ಲಿ, ನನ್ನ ದುಂಡಗಿನ ಅಕ್ಷರದಲ್ಲಿ. ನನ್ನ ಪ್ರತಿಯೇ ಹಳತಾಗಿದ್ದಾಗ ನನ್ನ ಕಣ್ಣಿಂದಲೇ ಪರಿಶೀಲಿಸಿ, ನಿಜವನ್ನು ಸುಳ್ಳೆಂದು ಬರೆದಿದ್ದೆ. ಭಟ್ಟಿಯ ಹಿಂದೆ ಹೋಗಿ ನೋಡಬೇಕಿತ್ತು. ಗೊತ್ತಿದ್ದ ಜಾಗಕ್ಕೆ ಹೋಗಿ ನೋಡಿದೆ. ಹೀಗೆ ಬರೆದವರ ಹೆಸರು ಮುಂದಿನ ಪಟ್ಟಿಗೆ ಹೋಗಬೇಕೆಂದು ನಿಯಮವಿದೆ. ಎಲ್ಲರ ಪ್ರತಿಯಲ್ಲಿರುವ ನಾನು ಅಳಿದುಹೋಗುತ್ತೇನೆ. ಬೇಕಾದವರು ಕೌಂಟರಿನಲ್ಲಿ ಕೇಳಿ ತಿಳಿಯಬೇಕು. ನನಗಿಂತ ಮೊದಲು ಪಟ್ಟಿ ಬರೆಯುತ್ತಿದ್ದವರ ಹೆಸರು ಹೀಗೆ ಹೋಗಿತ್ತು. ಅವರ ಮನೆಯವರು ಬಂದು ಕೇಳಿದಾಗ ಮೂಲ ಪುಸ್ತಕದಲ್ಲಿ 'ಎತ್ತರ ಐದೂವರೆ ಅಡಿ. ಬದನೆಕಾಯಿ ಆಗದು' ಎಂದಷ್ಟೇ ಇತ್ತು. ಈಗಲೂ ಆ ಮನೆಯಲ್ಲಿ ಬದನೆಕಾಯಿ ಮಾಡುವುದಿಲ್ಲ. ಅವರಿಗೂ ಮನೆಯವರಿಗೂ ಉಳಿದಿರುವ ಸಂಬಂಧ ಅಷ್ಟೆ.

ಇದನ್ನು ಅಕ್ಕನಿಗೆ ಹೇಳಿದೆ. ಅವಳ ಸಿಟ್ಟು ಅರ್ಧಕ್ಕೆ ನಿಂತಿತು.

"ಅಂದ್ರೆ ನನ್ನ ಮೊಬೈಲಿಂದಾನೂ ಹೋಗ್ತೀಯಾ?"

"ಎಲ್ಲರ ಮೊಬೈಲಿಂದಾನೂ."

"ಥೂ ನಿನ್ನ. ಬೇಡ ಬಿಡು. ಇವತ್ತಿನ ತಾರೀಖು ಹಾಕಿ ಇನ್ನೊಂದು ಚೀಟಿ ಕೊಡ್ತೀನಿ. ಮೆಸ್ಸು ಇವತ್ತೇ ಸರೀತು ಅಂತ ಬರ್ಕೋ. ಆ ಹಳೇದನ್ನ ಒಲೆಗೆ ಹಾಕು."

ನನಗೂ ಅದೇ ಹೊಳೆದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಅಕ್ಕ ಮೇಜಿನ ಮೇಲೆ ಚೀಟಿ ಬರೆದಿಟ್ಟು ಹೋದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಸಂಜೆಯವರೆಗೆ ಕೂತೆ. ಹೊಸ ಚೀಟಿಯನ್ನು ತೆಗೆದುಕೊಂಡರೆ ಮೂಲ ಪುಸ್ತಕದ ಪ್ರಕಾರ ಆ ಇಪ್ಪತ್ತಮೂರು ದಿನ ಅಕ್ಕ ಬಸ್ ನಿಲ್ದಾಣದ ಮೂಲೆಯಲ್ಲಿ ನಗುತ್ತಾ ಹುರುಳಿ ಸಾರು ಬಡಿಸುತ್ತಿದ್ದಳು ಎಂದಾಗುತ್ತದೆ. ಸುಣ್ಣದ ಪುಡಿ ಬೀಳುವ ಆ ಕೋಣೆಯಲ್ಲಿ ಒಬ್ಬಳೇ ಕೂತು, ಪಾತ್ರೆ ತಾನಾಗಿ ಖಾಲಿಯಾಗುವುದನ್ನು ನೋಡಿದ ಅಕ್ಕ ಎಲ್ಲೂ ಇರುವುದಿಲ್ಲ. ಅವಳನ್ನು ನಾನು ಎರಡನೆಯ ಸಲ ಸುಳ್ಳೆಂದು ಬರೆದಂತಾಗುತ್ತದೆ.

ಹೊಸ ಚೀಟಿಯನ್ನು ಹರಿದೆ. ತ್ರಿಯಂಬಕರಾಯರ ಮುಂದೆ ಹಳೆಯದನ್ನು ಇಟ್ಟೆ. ಅವರು ಓದಿ, ಕನ್ನಡಕ ತೆಗೆದು, "ನಾನೂ ಅಲ್ಲೇ ಊಟ ಮಾಡ್ತಿದ್ದೆ ಕಣ್ರೀ," ಎಂದರು. ಆಮೇಲೆ ಸಹಿ ಹಾಕಿದರು. ಮರುದಿನ ಬೆಳಗಿನ ಪಟ್ಟಿಗೆ ಎರಡೇ ಸಾಲು ಬರೆದೆ: ಮಂಗಳಾ ಮೆಸ್. ನಳಿನಾಕ್ಷಿ, ಪಟ್ಟಿ ಬರೆಯುವವರು.

ಬೆಳಿಗ್ಗೆ ಆರಕ್ಕೆ ಟಿಣ್ ಎಂದಿತು. ಕನ್ನಡಿಯಲ್ಲಿ ಒಬ್ಬರು ಹೆಂಗಸು ಇದ್ದರು. ಎಲ್ಲೋ ನೋಡಿದ ಹಾಗಿತ್ತು, ಮದುವೆಮನೆಯಲ್ಲಿ ಸಿಕ್ಕು ಹೆಸರು ಮರೆತವರ ಹಾಗೆ. ಹೊರಗೆ ಬಂದರೆ ಹೆಡ್ಮೇಷ್ಟ್ರು ರಂಗೋಲಿ ದಾಟಿ ನಿಂತು, "ಯಾರ ಮನೆಗೆ ಬಂದ್ರಿ ತಾಯಿ?" ಎಂದು ವಿಚಾರಿಸಿದರು. ನನಗೂ ಖಚಿತವಿರಲಿಲ್ಲ. ಕೌಂಟರಿಗೆ ಹೋಗಿ ಸಾಲಿನಲ್ಲಿ ನಿಂತೆ. ನನ್ನ ಮುಂದೆ ಮೂವತ್ತು ಜನ. ಎಲ್ಲರೂ ಮೆಸ್ಸನ್ನು ಕೇಳಲು ಬಂದವರು; ಅವರಿಗೆ ಹೇಳಿದ ಜಾಗವನ್ನು ನಾನೂ ಕೇಳಿಸಿಕೊಂಡೆ. ನನ್ನನ್ನು ಕೇಳಲು ಬಂದವಳು ನಾನೊಬ್ಬಳೇ.

"ಹೇಳಿ, ಏನು ಬೇಕಿತ್ತು?" ಎಂದರು ಜಾಫರ್ ಸಾಹೇಬರು. ಹದಿನೇಳು ವರ್ಷ ನನ್ನ ಪಕ್ಕದ ಮೇಜಿನವರು.

"ನಳಿನಾಕ್ಷಿ."

ಅವರು ಪುಟ ತಿರುವಿದರು. "ನಳಿನಾಕ್ಷಿ. ವಯಸ್ಸು ನಲವತ್ತೊಂದು. ಪಟ್ಟಿ ಬರೆಯುವ ಕೆಲಸ. ಟೀಗೆ ಸಕ್ಕರೆ ಬೇಡ. ಅಕ್ಕ ಒಬ್ಬರು. ಅಷ್ಟೇ ಇರೋದು. ಮುಂದಿನವರು ಬನ್ನಿ."

ಟೀಗೆ ಸಕ್ಕರೆ ಬೇಡ ಎನ್ನುವುದು ನನಗೆ ಹೊಸ ವಿಷಯವಾಗಿತ್ತು. ಆದರೂ ಬರೆದದ್ದನ್ನು ನಂಬುವುದು ನನ್ನ ಕೆಲಸ. ಬಸ್ ನಿಲ್ದಾಣದ ಮೂಲೆಯಲ್ಲಿ ಹಾದುಹೋದಾಗ ಖಾಲಿ ಸೈಟಿನಲ್ಲಿ ಹಸು ಮಲಗಿತ್ತು. ಭಟ್ಟಿಯವರೆಗಿನ ದಾರಿಯುದ್ದಕ್ಕೂ, ಅಕ್ಕ ನನ್ನನ್ನು ನೋಡಿದರೆ 'ಯಾರು ಬೇಕಾಗಿತ್ತಮ್ಮಾ?' ಎಂದು ಕೇಳುತ್ತಾಳೆ, ಆಗ ನಾನು ಏನು ಹೇಳಬೇಕು ಎಂದು ವಾಕ್ಯ ಜೋಡಿಸುತ್ತಾ ನಡೆದೆ. ಒಂದೂ ಸರಿಹೋಗಲಿಲ್ಲ.

ಸುಣ್ಣದ ಭಟ್ಟಿಯ ಹಿಂದೆ ನೀಲಿ ಬಾಗಿಲು. ಒಳಗೆ ಎಂಟು ಮಣೆಯೂ ತುಂಬಿ, ಗೋಡೆಯುದ್ದಕ್ಕೂ ಜನ ಕಾದು ನಿಂತಿದ್ದರು. ಬಸಲಿಂಗಪ್ಪ ಎಲೆಯ ಮುಂದೆ ಕೂತು, "ತಾಯಿ, ಇದು ಅವರೆಕಾಳು! ನಿಜವಾಗ್ಲೂ ಅವರೆಕಾಳು!" ಎಂದು ಪಕ್ಕದವರಿಗೆ ಒಂದೊಂದೇ ಕಾಳು ಎತ್ತಿ ತೋರಿಸುತ್ತಿದ್ದರು. ನನ್ನನ್ನು ಕಂಡು ಗೌರವದಿಂದ ಸರಿದು ಜಾಗ ಕೊಟ್ಟರು. "ಊರಿಗೆ ಹೊಸಬರಾ?"

ಅಕ್ಕ ಸೌಟು ಹಿಡಿದು ತಿರುಗಿದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಈಗ ದಾರಿ ಗೊತ್ತಾಯ್ತೇನೇ ನಿನಗೆ? ಚಪ್ಪಲಿ ಆಚೆ ಬಿಡು ಕತ್ತೆ," ಎಂದಳು.

ನಾನು ಬಾಗಿಲಲ್ಲೇ ನಿಂತೆ. ಅಕ್ಕ ಗಲ್ಲ ಎತ್ತಿ ಮೂಲೆಯ ಕಡೆ ತೋರಿಸಿದಳು. ಅಲ್ಲಿ ರಾಗಿಹಿಟ್ಟಿನ ಸ್ಟೀಲ್ ಡಬ್ಬವಿತ್ತು; ಮುಚ್ಚಳದ ಮೇಲೆ ರುಬ್ಬುವ ಗುಂಡು.

"ಅಕ್ಕ, ಅದು ಅಪರಾಧ," ಎಂದೆ ಮೆಲ್ಲಗೆ.

"ಹೋಗಿ ಬರ್ಕೋ. ಏಳು ಪಟ್ಟಿ ತನಕ ತಾನೆ? ಇವತ್ತಿಂದು ಒಂದಾಯ್ತು. ಆಮೇಲೆ ಎಲ್ಲಾ ಖಾಲಿ ಮಾಡಿ ಕೌಂಟರಿಗೆ ಬಂದು ಕೇಳ್ತೀನಿ. ಕೇಳಿದಾಗ ನಿಮ್ಮ ಪುಸ್ತಕದಲ್ಲಿ ಇರಬೇಕಲ್ಲ, ಏನು ಬರ್ದಿದಾರೆ ನಿನ್ನ ಬಗ್ಗೆ?"

ಹೇಳಿದೆ.

"ಟೀಗೆ ಸಕ್ಕರೆ ಬೇಡವಾ? ಮೂರು ಚಮಚ ಹಾಕ್ಕೊಂಡು ತಳದಲ್ಲಿರೋದನ್ನ ಬೆರಳಲ್ಲಿ ನೆಕ್ಕೋಳು ನೀನು! ಯಾರೇ ಬರೆದದ್ದು ಅದನ್ನ? ಕೂತ್ಕೋ. ಪೆನ್ನು ತಗೋ. ನಾನು ಹೇಳ್ತೀನಿ, ನೀನು ಬರಿ. ಮೂರು ದಿನದೊಳಗೆ ಇದೆಲ್ಲ ಆ ಪುಸ್ತಕಕ್ಕೆ ಏರಬೇಕು."

ಅವಳು ಬಡಿಸುತ್ತಾ ಹೇಳಿದಳು. ನಾನು ಊಟದ ಎಲೆಯ ಪಕ್ಕದಲ್ಲಿ ಚೀಟಿ ಇಟ್ಟುಕೊಂಡು ಎಡಗೈಯಲ್ಲಿ ಬರೆದೆ. ನಳಿನಾಕ್ಷಿ ಬಾಗಿಲು ಹಾಕಿದ ಮೇಲೆ ಮೂರು ಸಲ ತಳ್ಳಿ ನೋಡುತ್ತಾಳೆ. ಏಳನೇ ಕ್ಲಾಸಿನಲ್ಲಿ ಅಕ್ಕನ ಹಸಿರು ಲಂಗ ಸುಟ್ಟು ತಪ್ಪನ್ನು ಬೆಕ್ಕಿನ ಮೇಲೆ ಹಾಕಿದಳು. ಬೈದರೆ ಊಟ ಬಿಡುತ್ತಾಳೆ, ಎರಡನೇ ಸಲ ಕರೆದರೆ ಬರುತ್ತಾಳೆ. ಪ್ರತಿಯೊಂದಕ್ಕೂ ಬಸಲಿಂಗಪ್ಪ, "ಹೌದಾ ಮೇಡಮ್?" ಎನ್ನುತ್ತಿದ್ದರು. ನಾನು ಖಚಿತವಾಗಿ ಹೇಳಲಾರೆ ಎನ್ನುತ್ತಿದ್ದೆ. ಸಾರಿನಲ್ಲಿ ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು. ಹಾಗೆಂದೆ. ಅಕ್ಕ ಸೌಟನ್ನು ಪಾತ್ರೆಗೆ ಬಡಿದು ಬೈಯತೊಡಗಿದಳು. ಬೈಯುವಾಗ ಮುಖ ಆ ಕಡೆ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುಣ್ಣದ ಪುಡಿ ಬಿದ್ದಿರಬೇಕು.

"ಎಲ್ಲಾ ಬರೆದ್ಯಾ?"

"ಬರೆದೆ."

"ಇಪ್ಪತ್ತಮೂರು ದಿನ ಬೇರೆ ಯಾರದೋ ಕೈಯಲ್ಲಿ ಉಂಡರೂ ಅಕ್ಕ ಅಲ್ಲ ಅಂತ ಗೊತ್ತಾಗ್ಲಿಲ್ಲ. ಅದನ್ನ?"

"ಅದನ್ನೂ ಬರೀಬೇಕಾ?"

"ಅದನ್ನೇ ಮೊದಲು ಬರಿ."

ಬರೆದಿದ್ದ ಸಾಲುಗಳ ಮೇಲೆ ಸ್ವಲ್ಪ ಜಾಗವಿತ್ತು. ಅಕ್ಷರ ಸಣ್ಣದು ಮಾಡಿ ಅಲ್ಲಿ ಅದನ್ನು ಬರೆದೆ. ಊಟ ಮುಗಿಸಿ ಕೈ ತೊಳೆದು ಬರುವಾಗ ಡಬ್ಬದ ಮುಚ್ಚಳವನ್ನು ಮೂರು ಸಲ ಒತ್ತಿ ನೋಡಿದೆ. ಒಂದು ಕಡೆ ಕೂದಲೆಳೆಯಷ್ಟು ಸಡಿಲವಿತ್ತು. ಇನ್ನೊಂದು ರುಬ್ಬುವ ಗುಂಡು ಎಲ್ಲಿದೆ ಎಂದು ಅಕ್ಕನನ್ನು ಕೇಳಿದೆ.